ಕ್ಯಾಮೆರಾದ ಮೇಲೆ ಕೂತ ಹೆಜ್ಜೇನು

ಕ್ಯಾಮೆರಾದ ಚಿತ್ರ ಕಂದು ಬಣ್ಣಕ್ಕೆ ತಿರುಗಿದ್ದು ಬೆಳಗಿನ ಹೊತ್ತು. ಯಾವ ಬೆಳಗು ಎಂದು ಖಚಿತವಾಗಿ ಹೇಳಲಾರೆ. ಇದನ್ನು ಬೇರೆಯವರಿಗೆ ಹೇಳುವಾಗ ಒಮ್ಮೆ ಮಂಗಳವಾರ ಎಂದಿದ್ದೇನೆ, ಇನ್ನೊಮ್ಮೆ ಶಿವರಾತ್ರಿ ಕಳೆದ ಮರುವಾರ ಎಂದಿದ್ದೇನೆ. ಎರಡನ್ನೂ ಅಷ್ಟೇ ನಂಬಿಕೆಯಿಂದ ಹೇಳಿದ್ದೇನೆ. ಕ್ಯಾಮೆರಾದಲ್ಲಿ ರೆಕಾರ್ಡ್ ಆದದ್ದು ವಾರ ಕಳೆದರೆ ತಾನಾಗಿಯೇ ಅಳಿಸಿಹೋಗುತ್ತದೆ. ಆದ್ದರಿಂದ ನನ್ನ ನೆನಪನ್ನು ಒರೆಗೆ ಹಚ್ಚಿ ನೋಡಲು ಈಗ ಏನೂ ಉಳಿದಿಲ್ಲ. ಇಲ್ಲಿ ಬರೆಯುತ್ತಿರುವ ಕ್ರಮ ಆಗ ಇರಲಿಲ್ಲ. ಅದು ಬರೆಯುವುದಕ್ಕೋಸ್ಕರ ಬಂದದ್ದು.

ಮಡಿಕೇರಿಯ ಅಂಚಿನಲ್ಲಿ ಒಂದು ಮನೆ. ಮೂರು ಕೋಣೆ, ಬರುವವರಿಗೆ ಉಳಿದುಕೊಳ್ಳಲು ಜಾಗ, ಬೆಳಗಿನ ತಿಂಡಿ. ಅದನ್ನು ನಡೆಸುತ್ತಿದ್ದವನು ನಾನು. ನಾನಿದ್ದದ್ದು ಬೆಂಗಳೂರಿನ ಯಡಿಯೂರಿನಲ್ಲಿ, ಕೆರೆಯ ಹಿಂದಿನ ರಸ್ತೆಯಲ್ಲಿ, ಒಂದು ಮನೆಯ ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ. ಬುಕಿಂಗ್ ಒಪ್ಪುವುದು, ಅತಿಥಿಗಳ ಪ್ರಶ್ನೆಗೆ ಉತ್ತರಿಸುವುದು, ಬಾಗಿಲಿನ ಬೀಗದ ನಂಬರನ್ನು ಪ್ರತಿ ಅತಿಥಿಗೂ ಬದಲಾಯಿಸುವುದು, ಯಾರಿಗೆ ಮೊಟ್ಟೆ ಆಗುತ್ತದೆ ಯಾರಿಗೆ ಈರುಳ್ಳಿ ಆಗುವುದಿಲ್ಲ ಎಂದು ಅಲ್ಲಿನ ಅಡುಗೆಯಾಕೆಗೆ ಹೇಳುವುದು, ಗೀಸರ್ ಕೆಟ್ಟರೆ ಆ ಊರಿನ ಎಲೆಕ್ಟ್ರಿಷಿಯನ್‌ನನ್ನು ಫೋನಿನಲ್ಲೇ ಗೋಗರೆಯುವುದು, ಎಲ್ಲವೂ ಇಲ್ಲಿಂದಲೇ. ಮಾಲೀಕರು ಜೆ.ಪಿ. ನಗರದಲ್ಲಿ ಹಲ್ಲಿನ ಡಾಕ್ಟರು. ಅವರೂ ನಾನೂ ಭೇಟಿಯಾಗಿದ್ದು ಒಂದೇ ಸಲ, ಅವರ ಕ್ಲಿನಿಕ್ಕಿನಲ್ಲಿ, ಕೆಲಸ ಒಪ್ಪಿಕೊಂಡ ದಿನ. ಮಡಿಕೇರಿಯ ಮನೆಯನ್ನು ನಾನು ನೋಡಿಯೇ ಇರಲಿಲ್ಲ.

ನೋಡಿರಲಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಮುಂಬಾಗಿಲಿನ ಮೇಲೆ, ಸೂರಿನ ಕೆಳಗೆ, ಗೇಟಿನ ಕಡೆ ಮುಖ ಮಾಡಿ ಒಂದು ಕ್ಯಾಮೆರಾ ಇತ್ತು. ಅದರಲ್ಲಿ ಸಿಮೆಂಟಿನ ಅಂಗಳ, ಗೇಟು, ಗೇಟಿನಾಚೆ ಒಂದು ಸಿಲ್ವರ್ ಓಕ್ ಮರ, ಮರದ ಕೆಳಗೆ ಇಳಿಯುವ ಕಾಫಿ ಗಿಡಗಳ ನೆತ್ತಿ ಕಾಣುತ್ತಿದ್ದವು. ಲ್ಯಾಪ್‌ಟಾಪಿನ ಮೂಲೆಯಲ್ಲಿ ಇಡೀ ದಿನ ಅದನ್ನು ತೆರೆದಿಟ್ಟಿರುತ್ತಿದ್ದೆ. ಕೆಲವು ಅತಿಥಿಗಳು ಬಂದವರೇ ಕ್ಯಾಮೆರಾದ ಕಡೆ ತಲೆಯೆತ್ತಿ ಕೈಬೀಸುತ್ತಿದ್ದರು. ನಾನೂ ಕೋಣೆಯಲ್ಲಿ ಕೂತು ಕೈಯೆತ್ತುತ್ತಿದ್ದೆ. ಅದು ಅವರಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ ಕೈ ತಾನಾಗಿ ಏಳುತ್ತಿತ್ತು.

ನಾನು ಅಲ್ಲೇ, ಆ ಮನೆಯ ಯಾವುದೋ ಭಾಗದಲ್ಲಿ ಇರುತ್ತೇನೆಂದು ಅತಿಥಿಗಳು ತಿಳಿದುಕೊಳ್ಳುತ್ತಿದ್ದರು. ನಾನು ಕಳಿಸುವ ಸ್ವಾಗತದ ಮೆಸೇಜು ಹಾಗಿತ್ತು. 'ಬೆಳಗ್ಗೆ ಬಾಗಿಲು ತೆರೆದರೆ ಮಂಜು ನೇರ ಒಳಗೆ ಬರುತ್ತದೆ, ಅದಕ್ಕೂ ಒಂದು ಕುರ್ಚಿ ಹಾಕಿಡಿ. ಏನು ಬೇಕಿದ್ದರೂ ಕೇಳಿ, ನಾವು ಹತ್ತಿರದಲ್ಲೇ ಇರುತ್ತೇವೆ.' ಈ ಸಾಲುಗಳನ್ನು ಬರೆದದ್ದು ಯಡಿಯೂರಿನ ದರ್ಶಿನಿಯೊಂದರ ಎದುರು, ನಿಂತುಕೊಂಡು ಇಡ್ಲಿ ತಿನ್ನುತ್ತಾ. ಅತಿಥಿಗಳು 'ನಿಮ್ಮ ಮನೆಯ ಅಕ್ಕಿ ರೊಟ್ಟಿ ಮರೆಯೋಕಾಗಲ್ಲ' ಎಂದು ಬರೆದರೆ 'ಮತ್ತೆ ಬನ್ನಿ, ಕಾಯುತ್ತಿರುತ್ತೇವೆ' ಎಂದು ಉತ್ತರಿಸುತ್ತಿದ್ದೆ. ಕಾಯುತ್ತಿದ್ದದ್ದು ನಿಜ. ದಿನದಲ್ಲಿ ನನ್ನೊಡನೆ ಮಾತನಾಡುತ್ತಿದ್ದವರು ಆ ಮನೆಗೆ ಬರುವವರು ಮತ್ತು ಅಲ್ಲಿ ಅಡುಗೆ ಮಾಡುವ ಅಕ್ಕ, ಇಷ್ಟೇ ಜನ.

ಚಿತ್ರ ಕಂದಾದಾಗ ನಾನು ಮಾಡಬೇಕಾದದ್ದನ್ನೆಲ್ಲ ಮಾಡಿದೆ. ಕ್ಯಾಮೆರಾದ ಆಪ್ ಮುಚ್ಚಿ ತೆರೆದೆ. ಕ್ಯಾಮೆರಾವನ್ನು ಇಲ್ಲಿಂದಲೇ ಆಫ್ ಮಾಡಿ ಆನ್ ಮಾಡಿದೆ. ಅಕ್ಕನಿಗೆ ಫೋನ್ ಮಾಡಿ ವೈಫೈ ಡಬ್ಬಿಯ ಪ್ಲಗ್ ಕೀಳಿಸಿ ಮತ್ತೆ ಹಾಕಿಸಿದೆ. ಮತ್ತೆ ಕಂದೇ. ಆದರೆ ಅದು ಸತ್ತ ಚಿತ್ರದ ಕಂದಲ್ಲ, ಸಣ್ಣಗೆ ನಡುಗುತ್ತಿತ್ತು. ಲೆನ್ಸಿಗೆ ಧೂಳು ಹಿಡಿದು ಮೇಲೆ ಮಂಜಿನ ನೀರು ಕೂತಿದೆ ಎಂದುಕೊಂಡೆ.

"ಅಕ್ಕಾ, ಜೇಡರ ಬಲೆ ತೆಗೆಯೋ ಉದ್ದನೆ ಕೋಲಿದೆಯಲ್ಲ, ಅದಕ್ಕೊಂದು ಒದ್ದೆ ಬಟ್ಟೆ ಕಟ್ಟಿ ಕ್ಯಾಮೆರಾ ಒರೆಸ್ತೀರಾ?"

"ಈಗ್ಲೇನಾ ಸಾರ್? ಒಲೆ ಮೇಲೆ ಹಿಟ್ಟಿಗೆ ನೀರಿಟ್ಟಿದ್ದೀನಿ."

"ಒಂದ್ನಿಮಿಷದ ಕೆಲಸ. ಫೋನ್ ಇಡಬೇಡಿ."

ಚಪ್ಪಲಿಯ ಸದ್ದು ಕೇಳಿಸಿತು. ಬಾಗಿಲಿನ ಸದ್ದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಬಾಗಿಲು, ಈ ಸಲ ಜೋರಾಗಿ ಮುಚ್ಚಿಕೊಂಡದ್ದು.

"ಸಾರ್," ಅಕ್ಕ ಪಿಸುಗುಟ್ಟಿದರು. "ಇದನ್ನ ಒರೆಸ್ಬೇಕಾ ನಾನು? ಎಂತ ಸಾರ್ ನೀವು, ನಂಗೂ ನಿಮಗೂ ಏನು ಹಳೇ ದ್ವೇಷ?"

"ಏನಾಯ್ತು?"

"ಹೆಜ್ಜೇನು. ಸೂರಿನ ಕೆಳಗೆ ಮೊರದಷ್ಟು ಅಗಲ ಕೂತ್ಕೊಂಡಿದೆ. ನಿಮ್ಮ ಕ್ಯಾಮೆರಾ ಅದರ ಹೊಟ್ಟೆ ಒಳಗಿದೆ."

ಕೋಲು ಮುಟ್ಟಿಸುವ ಮೊದಲು ತಲೆಯೆತ್ತಿ ನೋಡಿದ್ದರಿಂದ ಅವರು ಬಚಾವಾದರು. ಆಮೇಲೆ ಇಬ್ಬರೂ ನಕ್ಕೆವು. ಅವರು ನಕ್ಕದ್ದು ಜಾಸ್ತಿ ಹೊತ್ತು.

ಹೂಮಳೆ ಬಿದ್ದು ಕಾಫಿ ಹೂ ಬಿಡುವ ಕಾಲ ಅದು. ಒಂದು ಒಳ್ಳೆಯ ಮಳೆಯಾದರೆ ಕೆಲವೇ ದಿನಗಳಲ್ಲಿ ಗುಡ್ಡವೆಲ್ಲ ಬೆಳ್ಳಗಾಗುತ್ತದೆ, ಅಷ್ಟೇ ಬೇಗ ಕಂದಿಯೂ ಹೋಗುತ್ತದೆ. ಅದನ್ನು ನೋಡಲು ಜನ ಬರುತ್ತಾರೆ, ಜೇನೂ ಬರುತ್ತದೆ. ಜನ ಬರುವ ಮೊದಲು 'ಹೂ ಬಿಟ್ಟಿದೆಯಾ?' ಎಂದು ಮೆಸೇಜು ಮಾಡುತ್ತಾರೆ. ಹಿಂದಿನ ವರ್ಷ ಕ್ಯಾಮೆರಾದಲ್ಲಿ ನೋಡಿ ಉತ್ತರ ಕೊಡುತ್ತಿದ್ದೆ. ಈ ವರ್ಷ ಅಕ್ಕನನ್ನು ಕೇಳಬೇಕಾಯಿತು. "ಬಿಟ್ಟಿದೆ ಸಾರ್, ವಾಸನೆಗೆ ತಲೆನೋವು ಬರ್ತಿದೆ" ಎಂದರು. ಅದನ್ನು ಅತಿಥಿಗಳಿಗೆ 'ಮನೆಯೆಲ್ಲ ಪರಿಮಳ' ಎಂದು ಬರೆದೆ.

ನನಗೆ ಉಳಿದದ್ದು ಸದ್ದು. ಕ್ಯಾಮೆರಾಕ್ಕೆ ಮೈಕ್ ಇತ್ತು. ಚಿತ್ರ ಹೋದ ಮೇಲೆ ಅದನ್ನು ಆನ್ ಮಾಡಿದೆ. ಒಂದು ಗುಂಯ್‌ಗುಡುವಿಕೆ, ಏರುವುದೂ ಇಲ್ಲ ಇಳಿಯುವುದೂ ಇಲ್ಲ. ಮಧ್ಯಾಹ್ನ ಬಿಸಿಲೇರಿದರೆ ಸ್ವಲ್ಪ ದಪ್ಪವಾಗುತ್ತಿತ್ತು. ಕೆಳಗೆ ನಮ್ಮ ರಸ್ತೆಯಲ್ಲಿ ಹೊಂಗೆ ಮರಗಳು ಚಿಗುರಿ ಮಿಂಚುತ್ತಿದ್ದವು, ಆಟೋಗಳು ಹಾರ್ನ್ ಹೊಡೆಯುತ್ತಿದ್ದವು, ನಾನು ಕಿಟಕಿ ಮುಚ್ಚಿ ಆ ಗುಂಯ್‌ಗುಡುವಿಕೆ ಕೇಳುತ್ತಾ ಅನ್ನ ತಿನ್ನುತ್ತಿದ್ದೆ. ಅದು ನನಗೆ ಹಿತವಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಹಾಗನ್ನಿಸಿತ್ತೋ ಇಲ್ಲವೋ.

ಡಾಕ್ಟರಿಗೆ ಹೇಳಿದೆ. ಫೋನಿನಲ್ಲಿ ಅವರ ಹಿಂದೆ ಯಾರದೋ ಬಾಯಲ್ಲಿ ಯಂತ್ರ ಕೊರೆಯುತ್ತಿತ್ತು.

"ಅಡುಗೆಮನೆ ಕಡೆಯಿಂದ ಗೆಸ್ಟ್‌ನ ಕರ್ಕೊಳ್ಳಿ. ಹಿಂದಿನ ಬಾಗಿಲಿದೆಯಲ್ಲ. ಫೋಟೋದಲ್ಲಿ ಜೇನು ಚೆನ್ನಾಗಿ ಕಾಣುತ್ತೆ, ನೇಚರ್ ಅಂತ ಹಾಕಿ," ಎಂದರು.

ಹಾಗೇ ಮಾಡಿದೆ. ಬೀಗದ ನಂಬರಿನ ಜೊತೆ ಒಂದು ಎಚ್ಚರಿಕೆಯ ಮೆಸೇಜು ಸೇರಿಸಿದೆ: ಮುಂಬಾಗಿಲು ಬಳಸಬೇಡಿ, ಸೆಂಟ್ ಹಾಕಿಕೊಂಡು ಅಂಗಳಕ್ಕೆ ಹೋಗಬೇಡಿ, ಬೆಂಕಿ ಹೊಗೆ ಬೇಡ. ಮೊದಲು ಬಂದ ದಂಪತಿಗಳು ಓದಿದರು, ಪಾಲಿಸಿದರು, ದೂರದಿಂದ ಫೋಟೋ ತೆಗೆದುಕೊಂಡು ಹೋದರು. ಆಮೇಲೆ ಬಿ.ಟಿ.ಎಂ. ಲೇಔಟಿನಿಂದ ನಾಲ್ವರು ಗೆಳೆಯರು ಬಂದರು. ಅವರು ಯಾವುದನ್ನೂ ಓದಿರಲಿಲ್ಲ.

ಸಂಜೆ ಬೆಳಕಿನ್ನೂ ಇತ್ತು. ಮೈಕಿನಲ್ಲಿ ಗುಂಯ್‌ಗುಡುವಿಕೆಯ ಹಿಂದೆ ಮಾತು ಕೇಳಿಸಿತು.

"ಮಗಾ, ಇಲ್ಲಿ ಗಾಳಿ ಕಮ್ಮಿ, ಗ್ರಿಲ್ ಇಲ್ಲೇ ಇಡು."

"ಇದ್ದಿಲು ಒದ್ದೆ ಆಗಿದೆ ಗುರು, ಬರೀ ಹೊಗೆ."

"ಊದು, ಊದು. ನಿನ್ನ ಬಾಯಿ ಇರೋದೇ ಅದಕ್ಕೆ."

ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಸಾಯಂಕಾಲ ಅವರು ಮನೆಗೆ ಹೋಗಿ ರಾತ್ರಿ ಊಟಕ್ಕೆ ಮತ್ತೆ ಬರುತ್ತಿದ್ದರು. ಬುಕಿಂಗ್ ಮಾಡಿದ್ದವನಿಗೆ ಮಾಡಿದೆ. ಮೈಕಿನಲ್ಲಿ ಅವನ ಫೋನ್ ಎಲ್ಲೋ ಒಳಗೆ ರಿಂಗಾಗುವುದು ಕೇಳಿಸಿತು. ಕ್ಯಾಮೆರಾಕ್ಕೆ ಒಂದು ಸ್ಪೀಕರ್ ಕೂಡ ಇತ್ತು. ಇಲ್ಲಿಂದ ಮಾತಾಡಿದರೆ ಅಲ್ಲಿ ಕೇಳಿಸುತ್ತದೆ. ಕೊರಿಯರ್‌ನವರಿಗೆ 'ಗೇಟ್ ಒಳಗಿಡಿ' ಎನ್ನಲು ಬಳಸುತ್ತಿದ್ದೆ. ಆ ಗುಂಡಿ ಒತ್ತಿ, ಪೂರ್ತಿ ವಾಲ್ಯೂಮಿನಲ್ಲಿ, "ಬೆಂಕಿ ಹಚ್ಚಬೇಡಿ! ಮೇಲೆ ಜೇನಿದೆ! ಒಳಗೆ ಹೋಗಿ!" ಎಂದು ಕೂಗಿದೆ.

ಕೂಗಿ ಮುಗಿದ ಮೇಲೆ ಹೊಳೆಯಿತು, ಆ ಸ್ಪೀಕರ್ ಇರುವುದು ಜೇನಿನ ಹೊಟ್ಟೆಯೊಳಗೆ.

ಗುಂಯ್‌ಗುಡುವಿಕೆ ಅಷ್ಟು ದಿನದಲ್ಲಿ ಮೊದಲ ಸಲ ಏರಿತು. ಆಮೇಲೆ ಕಿರುಚಾಟ, ತಗಡು ಬಿದ್ದ ಸದ್ದು, ಓಟ. ಪರದೆಯ ಮೇಲೆ ಕಂದು ಒಂದು ಕಡೆ ಹರಿದು ಬೆಳಕು ಕಂಡಿತು. ಆ ಸೀಳಿನಲ್ಲಿ ಗೇಟು, ಸಿಲ್ವರ್ ಓಕ್, ಅಂಗಳದಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಓಡುವ ಒಬ್ಬ. ಎಷ್ಟೋ ದಿನದ ಮೇಲೆ ಅಂಗಳ ಕಂಡಿದ್ದು ಹಾಗೆ.

ಒಬ್ಬನಿಗೆ ಮುಖ, ಕತ್ತು, ಕೈಗೆಲ್ಲ ಕಡಿದಿತ್ತು. ಉಳಿದವರು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಇಂಜೆಕ್ಷನ್ ಕೊಟ್ಟು ಒಂದು ರಾತ್ರಿ ಇಟ್ಟುಕೊಂಡು ಮರುದಿನ ಕಳಿಸಿದರು. ಅಪಾಯವಿರಲಿಲ್ಲ. ಅವನೇ ಫೋನ್ ಮಾಡಿದ, ತುಟಿ ಊದಿದ್ದರಿಂದ ಮಾತು ತೊದಲುತ್ತಿತ್ತು.

"ಗುರು, ಮೇಲಿಂದ ಯಾರೋ ಕೂಗಿದ್ರು. ನೀವೇನಾ?"

"ಹೌದು."

"ದೇವರು ಅನ್ಕೊಂಡೆ. ದೇವರು ಕೂಗಿದ ಕೂಡಲೇ ಅವೆಲ್ಲ ಬಂದ್ವು."

ತಮಾಷೆಗೆ ಹೇಳಿದ. ಆದರೆ ಕ್ರಮ ಅವನಿಗೆ ನೆನಪಿತ್ತು: ಮೊದಲು ಕೂಗು, ಆಮೇಲೆ ಜೇನು. ಹೊಗೆಯೇ ಅವುಗಳನ್ನು ಎಬ್ಬಿಸಿರಬಹುದು. ಅವನ ಗೆಳೆಯ, ಕೂಗಿಗೆ ಮೊದಲೇ ಒಂದೆರಡು ಎದ್ದಿದ್ದವು ಎಂದನಂತೆ. ರೆಕಾರ್ಡಿಂಗನ್ನು ನಾನು ಆ ವಾರದಲ್ಲಿ ತೆರೆದು ನೋಡಬಹುದಿತ್ತು. ತೆರೆಯಲಿಲ್ಲ. ಈಗ ಅದೂ ಅಳಿಸಿಹೋಗಿದೆ.

ಕೂಗಿದ್ದೂ ಸೇರಿ ಎಲ್ಲವನ್ನೂ ಡಾಕ್ಟರಿಗೆ ಹೇಳಿದೆ. ಯುಗಾದಿ ಹತ್ತಿರವಿತ್ತು. ಹಬ್ಬಕ್ಕೆ ವಾರಾಂತ್ಯ ಸೇರಿ ಮೂರೂ ಕೋಣೆ ಬುಕ್ ಆಗಿದ್ದವು.

"ಹಬ್ಬದ ಹಿಂದಿನ ಸಂಜೆ ಒಬ್ಬನ್ನ ಕರೆಸಿ ಬೆಂಕಿ ತೋರಿಸಿಬಿಡಿ. ಬೆಳಗ್ಗೆ ಗೆಸ್ಟ್ ಬರೋ ಹೊತ್ತಿಗೆ ಗುಡಿಸಿ ತೊಳೆದಿರ್ಬೇಕು," ಎಂದರು.

ಅಕ್ಕನಿಗೆ ತಿಳಿಸಿದೆ. ಅವರು ಪಕ್ಕದ ಮನೆಯವರನ್ನು ವಿಚಾರಿಸಿ ಬಂದು ಹೇಳಿದರು: "ಸುಟ್ರೂ ಎಲ್ಲ ಸಾಯಲ್ವಂತೆ ಸಾರ್. ಉಳಿದವು ಗೂಡು ಹುಡುಕ್ಕೊಂಡು ಅಲ್ಲೇ ಸುತ್ತುತ್ತಾವಂತೆ. ನಾನು ಬೆಳಗ್ಗೆ ಅಡುಗೆಮನೆಗೆ ಬರೋದು ಹೆಂಗೆ? ನಿಮ್ಮದೇನು, ನೀವು ಟೀವಿ ಒಳಗಿಂದ ಮಾತಾಡ್ತೀರಿ."

"ಸುಮ್ನೆ ಬಿಟ್ರೆ?"

"ಮಳೆ ಹಿಡಿದ್ರೆ ಹೋಗ್ತಾವಂತೆ. ನಂಗೇನು ಗೊತ್ತು, ನಾನೇನು ಜೇನಿನ ಮನೆಯವಳಾ?"

ಬುಕಿಂಗ್ ರದ್ದು ಮಾಡೋಣ ಎಂದು ಡಾಕ್ಟರಿಗೆ ಹೇಳಿದೆ. ಅವರಿಗೆ ಬುಕಿಂಗ್ ಆಪ್‌ನ ಲೆಕ್ಕ ನನ್ನಷ್ಟೇ ಗೊತ್ತಿತ್ತು. ಅತಿಥಿಯೇ ರದ್ದು ಮಾಡಿದರೆ ನಮಗೆ ತೊಂದರೆಯಿಲ್ಲ. ಮನೆಯವರು ಮಾಡಿದರೆ ಆ ದಿನಗಳಿಗೆ ಬೀಗ ಬೀಳುತ್ತದೆ, ಬೇರೆ ಯಾರಿಗೂ ಕೊಡಲಾಗುವುದಿಲ್ಲ, ಮಡಿಕೇರಿ ಎಂದು ಹುಡುಕುವವರಿಗೆ ನಮ್ಮ ಮನೆ ಎಲ್ಲೋ ಕೆಳಗೆ ಕಾಣುತ್ತದೆ.

"ನೀರಿಲ್ಲ ಅಂತ ಮೆಸೇಜ್ ಹಾಕಿ. ಅವರೇ ಕ್ಯಾನ್ಸಲ್ ಮಾಡ್ತಾರೆ. ಮಾಡದೇ ಇದ್ದೋರು ಬರ್ಲಿ," ಎಂದರು. ಸಿಟ್ಟಿನಲ್ಲಿ ಹೇಳಲಿಲ್ಲ, ಹಲ್ಲು ಕೀಳಬೇಕು ಎಂದು ಹೇಳುವ ಡಾಕ್ಟರರ ಧ್ವನಿಯಲ್ಲಿ ಹೇಳಿದರು. "ಈ ಸೀಸನ್ ಹೀಗೇ ಹೋದ್ರೆ ನಾನು ಮನೇನ ಬೇರೆ ಏಜೆನ್ಸಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ, ಮೊದಲೇ ಹೇಳ್ತಿದ್ದೀನಿ."

ಸಂಬಳದ ಬಗ್ಗೆ ಆ ದಿನ ಯೋಚಿಸಿದೆನೋ ಇಲ್ಲವೋ ಗೊತ್ತಿಲ್ಲ. ಗೇಟಿನ ಬಗ್ಗೆ ಯೋಚಿಸಿದ್ದು ನೆನಪಿದೆ. ಆ ಮನೆ ಕೈತಪ್ಪಿದರೆ ಬೆಳಗ್ಗೆ ಎದ್ದು ಯಾವ ಗೇಟನ್ನು ನೋಡುವುದು, ಯಾರಿಗೆ ಫೋನ್ ಮಾಡಿ ಹಿಟ್ಟಿಗೆ ನೀರಿಟ್ಟಿರಾ ಎಂದು ಕೇಳುವುದು. ಎರಡು ದಿನ ಏನೂ ಮಾಡಲಿಲ್ಲ. 'ನೀರಿನ ತೊಂದರೆಯಿಂದಾಗಿ' ಎಂದು ಮೆಸೇಜು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಸಾರಕ್ಕಿ ಮಾರ್ಕೆಟ್ಟಿಗೆ ಹೋದೆ. ಮಾವಿನೆಲೆ, ಬೇವಿನ ಹೂವಿನ ಗೊಂಚಲು ರಾಶಿ ಬಿದ್ದಿದ್ದವು. ಬೇವಿನ ಹೂವಿನ ಮೇಲೆ ಒಂದೆರಡು ಜೇನು ಇದ್ದವು, ಸಣ್ಣವು. ಮಾರುವ ಹೆಂಗಸು ಬರಿಗೈಯಲ್ಲೇ ಓಡಿಸುತ್ತಿದ್ದಳು. ಏನೂ ಕೊಳ್ಳದೆ ಬಂದು ಅತಿಥಿಗಳಿಗೆ ಫೋನ್ ಮಾಡಿದೆ. ಮೆಸೇಜಲ್ಲ, ಫೋನು.

ಮೊದಲ ಇಬ್ಬರು ಜೇನು ಎಂದ ಕೂಡಲೇ ರದ್ದಿಗೆ ಒಪ್ಪಿಕೊಂಡರು, ಮಕ್ಕಳಿದ್ದ ಕುಟುಂಬಗಳು. ಮೂರನೆಯವರು ಒಬ್ಬರೇ ಬರುವವರಿದ್ದರು. ಶಾಲೆಯ ಟೀಚರ್. ಬುಕ್ ಮಾಡುವಾಗ 'ಹಬ್ಬದ ಅಡುಗೆ ಬೇಡ, ಮಾಮೂಲಿ ತಿಂಡಿ ಸಾಕು' ಎಂದು ಬರೆದಿದ್ದರು.

"ಜೇನಿನ ಭಯ ನಂಗಿಲ್ಲ," ಎಂದರು. "ಹಿಂದಿನ ಬಾಗಿಲಿಂದ ಬರ್ತೀನಿ. ರೂಮಲ್ಲೇ ಇರ್ತೀನಿ."

"ಇಲ್ಲ ಮೇಡಂ, ಒಬ್ರಿಗೆ ಕಡಿದು ಆಸ್ಪತ್ರೆಗೆ ಸೇರಿಸೋ ಹಾಗಾಯ್ತು. ಯಾರನ್ನೂ ಕರೆಸ್ತಿಲ್ಲ."

"ಸಾರ್, ಅರ್ಥ ಮಾಡ್ಕೊಳ್ಳಿ. ನಂಗೆ ಹಬ್ಬದ ದಿನ ನಮ್ಮನೇಲಿರೋ ಭಯ. ನಮ್ಮಕ್ಕ ಹೋದ ಮೇಲೆ ಇದು ಮೊದಲನೇ ಯುಗಾದಿ. ನಾವಿಬ್ರೇ ಇದ್ದದ್ದು."

ನಾನು ಏನು ಹೇಳಿದೆ? ಸಮಾಧಾನದ ಮಾತು ಹೇಳಿದೆ ಎಂದು ಬರೆಯಲು ಕೈ ಹೋಗುತ್ತಿದೆ. ಹೇಳಿದಂತಿಲ್ಲ. ಅವರೇ ಮಾತು ಮುಂದುವರಿಸಿದರು.

"ನಿಮಗೇನ್ ಭಯ ಇಲ್ವಾ? ಅದೇ ಸೂರಿನ ಕೆಳಗೆ ಓಡಾಡ್ತೀರಲ್ಲ?"

"ನಾನು ಅಲ್ಲಿಲ್ಲ."

"ಊರಿಗೆ ಹೋಗಿದ್ದೀರಾ?"

"ಇಲ್ಲ ಮೇಡಂ. ನಾನು ಯಡಿಯೂರಲ್ಲಿದ್ದೀನಿ. ಯಾವಾಗ್ಲೂ ಇಲ್ಲೇ ಇರೋದು."

"ಯಾವ ಯಡಿಯೂರು? ನಮ್ಮ ಯಡಿಯೂರಾ? ಜಯನಗರದ ಪಕ್ಕದ್ದಾ?"

"ಹೌದು. ಕೆರೆ ಹಿಂದೆ."

ಅತ್ತ ಕಡೆ ಒಂದು ಸದ್ದು, ನಗು ಇರಬೇಕು.

"ನಾನು ದಿನಾ ಆ ಕೆರೆ ಸುತ್ತ ವಾಕ್ ಮಾಡ್ತೀನಿ. ಅಲ್ಲಿ ಕೂತ್ಕೊಂಡು ಬರೀತೀರಾ, ಬಾಗಿಲು ತೆರೆದ್ರೆ ಮಂಜು ಒಳಗೆ ಬರುತ್ತೆ, ಕುರ್ಚಿ ಹಾಕಿ ಅಂತ?"

"ಹೌದು."

"ಒಂದ್ಸಲನಾದ್ರೂ ಹೋಗಿದ್ದೀರಾ ಆ ಮನೆಗೆ?"

"ಇಲ್ಲ."

"ಸರಿ ಬಿಡಿ. ನಾನೊಬ್ಳೇ ಅಲ್ಲಿಗೆ ಹೋಗ್ದೇ ಇರೋಳು ಅನ್ಕೊಂಡಿದ್ದೆ," ಎಂದರು. ಫೋನಿಡುವ ಮೊದಲು, "ಅವು ಹೋದಾಗ ಹೇಳಿ" ಎಂದರು.

ನಾನೇ ರದ್ದು ಮಾಡಿದೆ, ಮೂರನ್ನೂ, ಮನೆಯವರ ಕಡೆಯಿಂದ. ಅತಿಥಿಗಳಿಂದ ಮಾಡಿಸಿದರೆ ಅವರ ದುಡ್ಡು ಪೂರ್ತಿ ವಾಪಸ್ ಬರುತ್ತಿರಲಿಲ್ಲ. ಕಾರಣದ ಜಾಗದಲ್ಲಿ ಹೆಜ್ಜೇನು ಎಂದು ಬರೆದೆ. ಇದನ್ನು ಹಿಂದೆ ತೆಗೆದುಕೊಳ್ಳಲಾಗದು, ಮುಂದುವರಿಯುವಿರಾ ಎಂದು ಆಪ್ ಕೇಳಿತು. ಮುಂದುವರಿದೆ. ಕ್ಯಾಲೆಂಡರಿನಲ್ಲಿ ಹಬ್ಬದ ದಿನಗಳು ಬೂದು ಬಣ್ಣಕ್ಕೆ ತಿರುಗಿದವು. ಬರುವವರಿಲ್ಲದ ಮೇಲೆ ಬೆಂಕಿ ತೋರಿಸಲೂ ಕಾರಣವಿರಲಿಲ್ಲ. ಡಾಕ್ಟರಿಗೆ ಹೇಳಿದೆ. "ಹೂಂ" ಎಂದರು. ಹಿಂದೆ ಯಂತ್ರ ಕೊರೆಯುವುದು ನಿಂತಿತ್ತು. "ತಿಂಗಳ ಕೊನೆಗೆ ಪಾಸ್‌ವರ್ಡ್ ಎಲ್ಲ ಕಳಿಸಿಬಿಡಿ," ಎಂದರು.

ಯುಗಾದಿಯ ಬೆಳಗ್ಗೆ ಮೈಕ್ ಹಾಕಿಕೊಂಡು ಕೂತಿದ್ದೆ. ಪಕ್ಕದ ಮನೆಗಳಲ್ಲಿ ಒಗ್ಗರಣೆಯ ವಾಸನೆ. ಟೀಚರಿಂದ ಮೆಸೇಜು ಬಂತು: 'ಈಗ ಏನು ಕಾಣ್ತಿದೆ?' ಪರದೆಯ ಚಿತ್ರ ತೆಗೆದು ಕಳಿಸಿದೆ. ಬರೀ ಕಂದು. ಬಹಳ ಹೊತ್ತಿನ ಮೇಲೆ ಉತ್ತರ: 'ಸದ್ದು?' ಸ್ವಲ್ಪ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದೆ. ಅವರು ಕೇಳಿದ್ದಾರೆಂಬ ಗುರುತು ಬಂತು. ಮತ್ತೇನೂ ಬರಲಿಲ್ಲ. ಆಮೇಲಿನ ಕೆಲವು ಬೆಳಗ್ಗೆ ಕೆರೆಯ ಸುತ್ತ ನಡೆದೆ. ಒಂಟಿಯಾಗಿ ನಡೆಯುವ ಹೆಂಗಸರು ಹಲವರಿದ್ದರು. ಯಾರನ್ನೂ ಮಾತಾಡಿಸಲಿಲ್ಲ.

ತಿಂಗಳ ಕೊನೆಗೆ ಪಾಸ್‌ವರ್ಡ್‌ಗಳನ್ನು ಕಳಿಸಿದೆ. ಮರುದಿನ ತೆರೆಯಲು ನೋಡಿದಾಗ ಕ್ಯಾಮೆರಾ ನನ್ನನ್ನು ಒಳಗೆ ಬಿಡಲಿಲ್ಲ. ಲ್ಯಾಪ್‌ಟಾಪಿನ ಆ ಮೂಲೆಯಲ್ಲಿ ಬೇರೆ ಏನನ್ನೂ ಇಡದೆ ಹಾಗೇ ಬಿಟ್ಟಿದ್ದೆ. ಬೇರೆ ಕೆಲಸ ಹುಡುಕಿಕೊಂಡೆ, ಅದರಲ್ಲಿ ಹೇಳುವಂಥದ್ದಿಲ್ಲ.

ಬೆಂಗಳೂರಿನಲ್ಲಿ ಸಂಜೆ ಮಳೆ ಶುರುವಾದ ಮೇಲೆ ಒಂದು ದಿನ ಅಕ್ಕ ಫೋನ್ ಮಾಡಿದರು.

"ಹೋದ್ವು ಸಾರ್. ನೋಡ್ತಾ ನೋಡ್ತಾ ಎದ್ದು ಹೋದ್ವು. ಖಾಲಿ ಗೂಡು ಬಿದ್ದು ಅಂಗಳ ಎಲ್ಲ ಮೇಣ, ಬಳಿದು ಬಳಿದು ಸಾಕಾಯ್ತು."

"ಹೊಸಬರು ಹೆಂಗಿದ್ದಾರೆ?"

"ಫೋನಲ್ಲೇ ಸಾರ್, ನಿಮ್ಮ ಹಾಗೇ. ನೀವಾದ್ರೂ ಹಿಟ್ಟು ಆಯ್ತಾ ಅಂತ ಕೇಳ್ತಿದ್ರಿ. ಒಂದ್ಸಲ ಬನ್ನಿ ಸಾರ್, ರೊಟ್ಟಿ ಹಾಕಿ ಕೊಡ್ತೀನಿ. ಬರೀ ಮಾತಲ್ಲೇ ಎಷ್ಟು ತಿಂದಿದ್ದೀರೋ."

ಟೀಚರಿಗೆ 'ಹೋದವು' ಎಂದು ಕಳಿಸಿದೆ. 'ಒಳ್ಳೇದಾಯ್ತು. ನಾನೂ ಹಬ್ಬ ದಾಟಿದೆ' ಎಂದು ಬಂತು. ಆಮೇಲೆ ಅದೇ ಬುಕಿಂಗ್ ಆಪ್‌ನಲ್ಲಿ ಆ ಮನೆಯ ಒಂದು ಕೋಣೆ, ಒಬ್ಬರಿಗೆ, ಬುಕ್ ಮಾಡಿದೆ. ತಕ್ಷಣ ಸ್ವಾಗತದ ಮೆಸೇಜು ಬಂತು. 'ಬೆಳಗ್ಗೆ ಬಾಗಿಲು ತೆರೆದರೆ ಮಂಜು ನೇರ ಒಳಗೆ ಬರುತ್ತದೆ, ಅದಕ್ಕೂ ಒಂದು ಕುರ್ಚಿ ಹಾಕಿಡಿ. ಏನು ಬೇಕಿದ್ದರೂ ಕೇಳಿ, ನಾವು ಹತ್ತಿರದಲ್ಲೇ ಇರುತ್ತೇವೆ.' ಒಂದಕ್ಷರವನ್ನೂ ಬದಲಾಯಿಸಿರಲಿಲ್ಲ. ಕೆಳಗೆ ಬೇರೆಯವರ ಹೆಸರಿತ್ತು.

ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಿಂದ ಬೆಳಗಿನ ಬಸ್ಸು ಹಿಡಿದು, ಮಡಿಕೇರಿಯಿಂದ ಆಟೋ ಮಾಡಿಕೊಂಡು, ಮಧ್ಯಾಹ್ನ ಆ ಗೇಟಿನ ಮುಂದೆ ಇಳಿದೆ. ಗೇಟು ನಾನಂದುಕೊಂಡಿದ್ದಕ್ಕಿಂತ ಗಿಡ್ಡ. ಸಿಲ್ವರ್ ಓಕ್ ಒಂದಲ್ಲ, ಸಾಲಾಗಿತ್ತು. ಉಳಿದವು ಕ್ಯಾಮೆರಾದ ಚೌಕಟ್ಟಿನ ಹೊರಗಿದ್ದವು. ಅಂಗಳ ಇಷ್ಟು ಸಣ್ಣದು ಎಂದು ಗೊತ್ತೇ ಇರಲಿಲ್ಲ. ಇಷ್ಟು ಸಣ್ಣ ಜಾಗದಲ್ಲಿ ಕೂಗಿದ್ದೆನಲ್ಲ ಎನ್ನಿಸಿತು. ಒಳಗೆ ಅಕ್ಕನ ಹೆಂಚಿನ ಸದ್ದು ಕೇಳಿಸುತ್ತಿತ್ತು. ಸೂರಿನ ಕೆಳಗೆ ಗೋಡೆಯ ಮೇಲೆ ಮೊರದಾಕಾರದ ಹಳದಿ ಕಲೆ ಉಳಿದಿತ್ತು. ಅದರ ನಡುವೆ ಕ್ಯಾಮೆರಾ, ಪುಟ್ಟ ಹಸಿರು ದೀಪ ಉರಿಯುತ್ತಿತ್ತು. ಅಂದರೆ ಯಾರೋ ತೆರೆದಿಟ್ಟಿದ್ದಾರೆ. ಯಾವ ಊರಿನ ಯಾವ ಕೋಣೆಯಲ್ಲೋ.

ಬೀಗದ ನಂಬರ್ ಒತ್ತುವ ಮೊದಲು ಚೀಲವನ್ನು ಕೆಳಗಿಟ್ಟೆ. ತಲೆಯೆತ್ತಿ ಕ್ಯಾಮೆರಾದ ಕಡೆ ಕೈಬೀಸಿದೆ. ಅತ್ತ ಕೈಯೆತ್ತಿದರೋ ಇಲ್ಲವೋ, ಕೆಳಗೆ ನಿಂತವರಿಗೆ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತು ಕೈ ಹಾಗೇ ಹಿಡಿದು ನಿಂತಿದ್ದೆ, ಅವರಿಗೆ ಎತ್ತಲು ಸಮಯ ಸಿಗಲಿ ಎಂದು.